ಜೇಬಿನಿಂದ ಬಂದ ಮಾತ್ರೆ

ನಮ್ಮ ಲಾಂಡ್ರಿಗೆ ಹೊಸದಾಗಿ ಬಂದವರೆಲ್ಲ, ಇಸ್ತ್ರಿ ಮಾಡುವ ಹೆಂಗಸಿಗೆ ಕೆಂಡದಕ್ಕ ಎಂಬ ಹೆಸರು ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಬಂದಿರಬೇಕು ಎಂದುಕೊಳ್ಳುತ್ತಿದ್ದರು. ಅರ್ಧ ದಿನ ಅವಳ ಪಕ್ಕ ನಿಂತರೆ ಸಾಕು, ಹೆಸರಿನ ಮೂಲ ಗೊತ್ತಾಗುತ್ತಿತ್ತು. ಇದ್ದಿಲು ಹೋಗಿ ಕರೆಂಟು ಬಂದು ಎಷ್ಟೋ ಕಾಲವಾಗಿತ್ತು. ಅಕ್ಕ ಮಾತ್ರ ಆರಿರಲಿಲ್ಲ.

ಗುಂಡಿ ಕಿತ್ತುಹೋದ ಅಂಗಿಯನ್ನು ಯಾರಾದರೂ ಹಾಗೇ ಮಡಿಸಿ ಗಂಟಿಗೆ ಸೇರಿಸಿದರೆ ಅವಳಿಗೆ ಸಿಟ್ಟು. ಗಿರಾಕಿ ತಾನೇ ಮಾಡಿಕೊಂಡ ಸಿಗರೇಟಿನ ತೂತನ್ನು ಇಸ್ತ್ರಿಯ ತಲೆಗೆ ಕಟ್ಟಿದರೆ ಸಿಟ್ಟು. ಕಾಲರನ್ನು ತುದಿಯಿಂದ ಒಳಕ್ಕೆ ಒತ್ತಬೇಕು. ಒಳಗಿನಿಂದ ತುದಿಗೆ ಎಳೆದರೆ ಮೂಲೆಯಲ್ಲಿ ನೆರಿಗೆ ನಿಲ್ಲುತ್ತದೆ. ಇಷ್ಟು ತಿಳಿಯದವನು ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು. ಬೈದು ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ ಎಂದು ನಾವು ಹೊಗಳಿದರೆ, ಇಟ್ಟುಕೊಳ್ಳೋಕೆ ಉಳಿದಿದ್ದರೆ ತಾನೇ ಎಂದು ಅವಳ ಗಂಡ ಕೇಳುತ್ತಿದ್ದ. ಅವನು ಒಂದು ಗೋದಾಮಿನ ಕಾವಲುಗಾರ. ಮಾತು ಬಹಳ ಕಡಿಮೆ. ಮನೆಗೆಂದು ಬಂದ ಮಾತೆಲ್ಲ ಅವಳ ಪಾಲಿಗೇ ಹೋಯಿತು ಎಂಬುದು ಅವನ ಸಮಜಾಯಿಷಿ.

ಅವಳು ಲಾಂಡ್ರಿಗೆ ಬಂದಾಗ ಲಂಗದ ಹುಡುಗಿ. ತೊಟ್ಟಿಯಲ್ಲಿ ಬಟ್ಟೆ ತುಳಿಯುವ ಕೆಲಸಕ್ಕೆ ಸೇರಿದವಳು. ಇಸ್ತ್ರಿಯವನು ಕೆಲಸ ಬಿಟ್ಟಾಗ ಅವಳು ಹೋಗಿ ಆ ಜಾಗ ಕೇಳಿದಳು. ಹೆಣ್ಣಿನ ಕೈಗೆ ಆ ಪೆಟ್ಟಿಗೆಯ ಭಾರ ಬಗ್ಗುವುದಿಲ್ಲ ಎಂದು ಧಣಿ ನಕ್ಕ. ಅಂದು ಗುಡ್ಡೆ ಬಿದ್ದಿದ್ದ ಬಟ್ಟೆಯನ್ನೆಲ್ಲ ಅವಳು ಸಂಜೆಯೊಳಗೆ ಮುಗಿಸಿ ಧಣಿಯ ಮುಂದೆ ಪೇರಿಸಿಟ್ಟು, ಸುಕ್ಕು ಹುಡುಕಿ ಎಂದಳು. ಧಣಿ ಹುಡುಕುವವನ ಹಾಗೆ ಸ್ವಲ್ಪ ಹೊತ್ತು ಬಗ್ಗಿ ನೋಡಿ, ಕೆಮ್ಮಿ, ಒಳಗೆ ಹೋದ. ಆ ಜಾಗ ಅವಳು ಸಿಟ್ಟಿನಿಂದ ಸಂಪಾದಿಸಿದ್ದು. ಅದನ್ನು ಬಿಟ್ಟುಕೊಡುವ ಮಾತು ಬಂದರೆ ಉಸಿರು ಬಿಟ್ಟುಕೊಟ್ಟ ಹಾಗೆ.

ನಾನು ಅಲ್ಲಿ ಕಲೆ ತೆಗೆಯುವವನು. ನನ್ನ ಸೀಸೆಗಳ ಮೇಜು ಅವಳ ಇಸ್ತ್ರಿ ಮೇಜಿಗೆ ಎದುರು. ಆದ್ದರಿಂದ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ದಿನವಿಡೀ ನಿಂತು ಮಾಡುವ ಕೆಲಸ ಅವಳದು. ಒಮ್ಮೆ ಅವಳ ಎಡಗಾಲಿನ ಮೀನಖಂಡ ಊದಿಕೊಂಡು, ಮುಟ್ಟಿದರೆ ಬಿಸಿ ತಗಲುವಂತಾಯಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಚೂರು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತರೆ ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಜೀವ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಚಿಕಿತ್ಸೆಯಾಯಿತು, ಇಳಿಯಿತು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬಂತು. ಎರಡನೇ ಸಲ ಡಾಕ್ಟರು ರಕ್ತ ತೆಳುಮಾಡುವ ಮಾತ್ರೆಯನ್ನು ಬದುಕಿರುವ ತನಕ ಬರೆದರು.

ಬಹಳ ಸೂಕ್ಷ್ಮದ ಮಾತ್ರೆ ಅದು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಎಲ್ಲಿಂದಾದರೂ ರಕ್ತ ಸೋರಲು ಶುರುವಾಗಿ ನಿಲ್ಲುವುದೇ ಇಲ್ಲ. ನಡುವೆ ಇರುವ ದಾರಿ ಕಿರಿದು. ಅದಕ್ಕೇ ತಿಂಗಳು ತಿಂಗಳು ರಕ್ತ ಪರೀಕ್ಷೆ. ಅಕ್ಕ ಆ ಮಾತ್ರೆಗೆ ತೋರಿಸಿದ ನಿಷ್ಠೆಯನ್ನು ಗಂಡನಿಗೆ ತೋರಿಸಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಸಂಜೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಬೇಕು, ಸೆರಗಿನ ಗಂಟಿನಿಂದ ಮಾತ್ರೆ ತೆಗೆಯಬೇಕು, ನುಂಗಬೇಕು. ಒಂದು ದಿನ ತಪ್ಪಿದ್ದನ್ನು ನಾನು ನೋಡಿಲ್ಲ.

ಇನ್ನು ಡಬ್ಬಿಯ ವಿಷಯ. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು.

ಲಾಂಡ್ರಿಯ ಬಾಗಿಲಲ್ಲೇ ಕೂತಿರುತ್ತಿದ್ದವಳು ಜೇಬಿನಜ್ಜಿ. ಒಳಗೆ ಬರುವ ಪ್ರತಿ ಬಟ್ಟೆಯ ಜೇಬಿಗೂ ಕೈ ಹಾಕಿ ನೋಡುವುದು ಅವಳ ಕೆಲಸ. ಒಂದು ಪೆನ್ನು ಕಣ್ತಪ್ಪಿ ತೊಟ್ಟಿಗೆ ಬಿದ್ದರೆ ಆ ತೊಟ್ಟಿಯ ಬಿಳಿ ಬಟ್ಟೆಯೆಲ್ಲ ನೀಲಿ. ಅವಳ ಕೈ ಹೋಗದ ಜೇಬು ಈ ಪೇಟೆಯಲ್ಲಿ ಯಾವ ಗಂಡಸಿಗೂ ಇಲ್ಲ ಎಂದು ಬಟ್ಟೆ ತುಳಿಯುವ ತೊಟ್ಟಿಯವನು ರೇಗಿಸಿದರೆ, ಇರೋರ ಜೇಬಿಗೆ ಕೈ ಹಾಕ್ತೀನಿ, ನಿನ್ನ ಜೇಬಲ್ಲಿ ಏನಿದೆಯೋ ಎಂದು ಅಜ್ಜಿ ತಿರುಗಿಸಿ ಕೊಡುತ್ತಿದ್ದಳು. ಬೀಗದಕೈ, ಕಾಗದ, ಕನ್ನಡಕ ಎಲ್ಲವನ್ನೂ ತೆಗೆದಿಟ್ಟು ಆಯಾ ಗಿರಾಕಿಗೆ ಒಪ್ಪಿಸುತ್ತಿದ್ದಳು. ಮಾತ್ರೆಗಳನ್ನು ಕೇಳಿಕೊಂಡು ಮಾತ್ರ ಯಾರೂ ಬರುತ್ತಿರಲಿಲ್ಲ. ಕತ್ತರಿಸಿದ ಮಾತ್ರೆಪಟ್ಟಿಯಲ್ಲಿ ಎರಡು, ಮುದುಡಿದ ಕಾಗದದಲ್ಲಿ ಮೂರು. ಅವೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿದ್ದವು. ನಮ್ಮಲ್ಲಿ ಯಾರಿಗೆ ಏನಾದರೂ ಆ ಡಬ್ಬಿಯೇ ಗತಿ.

ಅಜ್ಜಿ ಕಣ್ಣು ಮುಚ್ಚಿಕೊಂಡು ಕೊಡುವವಳೂ ಅಲ್ಲ. ಅವಳದೊಂದು ಲೆಕ್ಕಾಚಾರವಿತ್ತು, ಅದು ಲಾಂಡ್ರಿಯವರಿಗೇ ಹೊಳೆಯುವಂಥದ್ದು. ಬಟ್ಟೆಯೇ ಅವಳಿಗೆ ರೋಗ ಹೇಳುತ್ತಿತ್ತು. ಒಂದು ಅಂಗಿಯ ಭುಜಕ್ಕೆ ನೋವಿನ ಎಣ್ಣೆಯ ವಾಸನೆ ಇದ್ದರೆ ಅದರ ಜೇಬಿನ ಮಾತ್ರೆ ನೋವಿನದು. ಪ್ಯಾಂಟಿನ ಸೊಂಟದ ಪಟ್ಟಿಯಲ್ಲಿ ಮುಲಾಮಿನ ಜಿಡ್ಡು ಕಂಡರೆ ಅದರ ಜೇಬಿನದು ತುರಿಕೆಯದು. ಕರವಸ್ತ್ರದ ಗತಿ ನೋಡಿ ನೆಗಡಿಯ ಮಾತ್ರೆ ಗುರುತಿಸುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅವಳು ಹೇಳಿದ್ದು ಸರಿಯೇ ಇರುತ್ತಿತ್ತು. ಅದೇ ನಮ್ಮ ಗ್ರಹಚಾರ. ಹತ್ತಕ್ಕೆ ಹತ್ತೂ ತಪ್ಪಿದ್ದರೆ ಡಬ್ಬಿಯನ್ನು ಎಂದೋ ಚರಂಡಿಗೆ ಎಸೆದಿರುತ್ತಿದ್ದೆವು.

ಅಕ್ಕನಿಗೆ ಬಲ ಭುಜದ ನೋವು ಹಳೆಯದು. ಆ ವರ್ಷ ಜಾಸ್ತಿಯಾಯಿತು. ಕೈ ಎತ್ತಿದರೆ ಕಣ್ಣಲ್ಲಿ ನೀರು. ಜೊತೆಗೆ ಇಸ್ತ್ರಿಯ ಬಿಸಿಗೆ ಬೆವತು ಬೆವತು ಸೊಂಟದ ಸುತ್ತ ಹುಳುಕಡ್ಡಿ. ಹೆಂಗಸು ನಾಲ್ಕು ಜನರ ಮುಂದೆ ಸೊಂಟ ಕೆರೆದುಕೊಳ್ಳುವುದು ಹೇಗೆ? ಅಜ್ಜಿ ಡಬ್ಬಿ ತೆರೆದಳು. ನೋವಿಗೊಂದು, ತುರಿಕೆಗೊಂದು. ದೊಡ್ಡ ದೊಡ್ಡವರ ಕೋಟಿನ ಜೇಬಿನಿಂದ ಬಂದ ಮಾತ್ರೆ, ತಗೋ ಮಗಳೇ, ನಮ್ಮಂಥೋರಿಗೆ ಇಂಥದ್ದು ಯಾರು ಬರೆದುಕೊಡ್ತಾರೆ ಎಂದು ಕೈಗೆ ಹಾಕಿದಳು. ಭುಜ ಹಗುರಾಯಿತು, ತುರಿಕೆ ತಗ್ಗಿತು.

ಮುಂದಿನ ರಕ್ತ ಪರೀಕ್ಷೆಯಲ್ಲಿ ರಕ್ತ ಬಹಳ ತೆಳುವಾಗಿದೆ ಎಂದು ಬಂತು. ಒಂದರ ಬದಲು ಎರಡು ನುಂಗಿದ್ದೀರಿ ಎಂದು ಡಾಕ್ಟರು ಗದರಿ ಮಾತ್ರೆಯ ಪ್ರಮಾಣ ಇಳಿಸಿದರು. ಅಷ್ಟರಲ್ಲಿ ಶಾಲೆ, ಕಚೇರಿಗಳಿಗೆ ದೊಡ್ಡ ರಜೆ. ಜನ ಊರು ಬಿಟ್ಟು ಹೋದರು, ಬಟ್ಟೆ ಕಡಿಮೆಯಾಯಿತು, ಡಬ್ಬಿಯ ತಳ ಕಂಡಿತು. ಅಕ್ಕನಿಗೆ ಈಗ ಡಬ್ಬಿಯದ್ದು ಇಲ್ಲ, ಆಸ್ಪತ್ರೆಯದ್ದು ಮಾತ್ರ; ಅದೂ ಇಳಿಸಿದ ಪ್ರಮಾಣದ್ದು. ಆ ಸಲದ ಪರೀಕ್ಷೆಯಲ್ಲಿ ರಕ್ತ ಗಟ್ಟಿ. ಕಾಲು ಮತ್ತೆ ಊದುವ ಸೂಚನೆ.

ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಕೇಳಿದರಂತೆ.

"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?"

"ತಗೊಳ್ತಿದ್ದೀನಿ."

"ಬೇರೆ ಏನಾದ್ರೂ ಔಷಧಿ?"

"ಇಲ್ಲ."

"ಹಾಗಿದ್ರೆ ಮಧ್ಯೆ ಮಧ್ಯೆ ಮರೀತಿದ್ದೀರಿ. ಹೋದ ಸಲ ಜಾಸ್ತಿ, ಈ ಸಲ ಕಮ್ಮಿ. ರಕ್ತ ಸುಳ್ಳು ಹೇಳಲ್ಲಮ್ಮ."

ಪ್ರಮಾಣ ಏರಿಸಿ ಬರೆದು, ಮುಂದಿನವರನ್ನು ಕರೆದರು. ಅವಳು ಲಾಂಡ್ರಿಗೆ ಬಂದು ಅದನ್ನು ಹೇಳಿದಳು. ರಕ್ತ ಸುಳ್ಳು ಹೇಳಲ್ಲ ಅಂದ್ರೆ ಏನಣ್ಣ ಅರ್ಥ, ನಾನು ಹೇಳ್ತೀನಿ ಅಂತ ತಾನೇ ಎಂದು ನನ್ನನ್ನು ಕೇಳಿದಳು. ಗಂಡನನ್ನು ಸಾಕ್ಷಿಗೆ ಕರೆದಳು. ಅವನು, ಇವಳು ನನ್ನನ್ನ ಮರೀತಾಳೆ, ಮಾತ್ರೆ ಮರೆಯಲ್ಲ ಎಂದ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅವಳ ಇಡೀ ಬದುಕಿನಲ್ಲಿ ಸುಳ್ಳುಗಾತಿ ಎಂದು ಮುಖದ ಮೇಲೆ ಅನ್ನಿಸಿಕೊಂಡದ್ದು ಅದೇ ಮೊದಲು. ಆ ವಾರವೆಲ್ಲ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು. ನನ್ನ ಸೀಸೆಗಳು ಕುಣಿಯುತ್ತಿದ್ದವು.

ಡಾಕ್ಟರ ಕೋಣೆಯಲ್ಲಿ ಇಬ್ಬರೂ ತಮಗೆ ತಿಳಿದ ನಿಜವನ್ನೇ ಆಡಿದರು. ಔಷಧಿ ಎಂದರೆ ಡಾಕ್ಟರು ಬರೆದದ್ದು, ಅಂಗಡಿಯಲ್ಲಿ ತನ್ನ ಹೆಸರಿಗೆ ಕೊಟ್ಟದ್ದು ಎಂದು ಅವಳು ತಿಳಿದಿದ್ದಳು. ಡಬ್ಬಿಯದ್ದು ಔಷಧಿ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ತಲೆನೋವಿಗೆ ಪಕ್ಕದವರು ಹಣೆ ಒತ್ತಿದರೆ ಅದನ್ನು ಡಾಕ್ಟರಿಗೆ ಹೇಳುತ್ತೇವೆಯೇ? ಡಬ್ಬಿಯೂ ನಮಗೆ ಹಾಗೇ.

ರಜೆ ಮುಗಿಯಿತು, ಮಳೆ ಹಿಡಿಯಿತು. ಒದ್ದೆ ಕೋಟು, ದಪ್ಪ ಬಟ್ಟೆ ಗಂಟುಗಟ್ಟಲೆ ಬಂದವು. ಜೇಬುಗಳು ತುಂಬಿ ಬಂದವು, ಡಬ್ಬಿಯೂ ತುಂಬಿತು. ಒಣಗದ ಬಟ್ಟೆಯನ್ನು ಇಸ್ತ್ರಿಯಿಂದಲೇ ಒಣಗಿಸಬೇಕಾಗಿ ಅಕ್ಕನ ಭುಜ ಬೆಂಕಿಯಾಯಿತು, ಸೊಂಟದ ತುರಿಕೆ ಹರಡಿತು. ಅವಳು ಡಬ್ಬಿಯಿಂದ ಎರಡನ್ನೂ ಧಾರಾಳವಾಗಿ ತಗೊಂಡಳು. ಸಂಜೆಗೆ ಆಸ್ಪತ್ರೆಯ ಮಾತ್ರೆ, ಅದೂ ಏರಿಸಿದ್ದು.

ಮೊದಲು ಮೊಣಕೈ ಮೇಲೆ ನೀಲಿ ಕಲೆ. ಎಲ್ಲಿ ತಗಲಿತೋ ಎಂದು ಅವಳೇ ಆಶ್ಚರ್ಯಪಟ್ಟಳು. ಆಮೇಲೆ ಹಲ್ಲು ತಿಕ್ಕಿದರೆ ರಕ್ತ. ಒಂದು ಬೆಳಿಗ್ಗೆ ಬಿಳಿ ಅಂಗಿಯ ಕಾಲರು ಒತ್ತುತ್ತಿರುವಾಗ ಮೂಗಿನಿಂದ ತೊಟ್ಟಿಕ್ಕಿ ಅಂಗಿಯ ಎದೆಯೆಲ್ಲ ಕೆಂಪಾಯಿತು. ನಾನು ಅಂಗಿಯನ್ನು ಎಳೆದುಕೊಂಡು ತಣ್ಣೀರಿಗೆ ಹಾಕಿದೆ. ರಕ್ತದ ಕಲೆಗೆ ಬಿಸಿ ನೀರು ತಾಗಿದರೆ ಅದು ನೂಲಿಗೆ ಕಚ್ಚಿಕೊಳ್ಳುತ್ತದೆ. ಉಪ್ಪು ಹಾಕಿ ಉಜ್ಜಿದೆ, ಕಲೆ ಹೋಯಿತು. ವಾಪಸ್ಸು ಬಂದು ನೋಡಿದರೆ ಮೇಜಿನ ಅಂಚಿಗೆ ಬಿದ್ದ ಹನಿ ಇನ್ನೂ ನೀರಿನ ಹಾಗೇ ಇತ್ತು. ಅಕ್ಕ ಮೂಗಿಗೆ ಬಟ್ಟೆ ಒತ್ತಿಕೊಂಡೇ ನಿಂತಿದ್ದಳು.

ಧಣಿ ಬಂದವನು ಮೊದಲು ನೋಡಿದ್ದು ಅಂಗಿಯನ್ನು. ರಕ್ತದ ಮೂಗು ಇಟ್ಟುಕೊಂಡು ಬಿಳಿ ಬಟ್ಟೆಯ ಮೇಲೆ ಬಗ್ಗುವವಳನ್ನು ಇಟ್ಟುಕೊಂಡರೆ ಗಿರಾಕಿಗಳು ಉಳಿಯುತ್ತಾರೆಯೇ ಎಂದ. ಇನ್ನು ಮೇಲೆ ಅವಳು ಬಾಗಿಲಲ್ಲಿ ಬಟ್ಟೆಗೆ ಗುರುತಿನ ಚೀಟಿ ಕಟ್ಟಲಿ, ಇಸ್ತ್ರಿಗೆ ಬೇರೆಯವನನ್ನು ನೋಡುತ್ತೇನೆ ಎಂದ. ಅಕ್ಕ ಬಟ್ಟೆಯನ್ನು ಮೂಗಿನಿಂದ ತೆಗೆಯದೆ, ಆ ಬೇರೆಯವನು ಬರಲಿ, ಅವನ ಮೂಗಿಂದಲೂ ರಕ್ತ ಬರೋ ಹಾಗೆ ಮಾಡ್ತೀನಿ ಎಂದಳು. ಧಣಿ ಒಳಗೆ ಹೋದ. ಆದರೆ ಅದೇ ದಿನದಿಂದ ಇಸ್ತ್ರಿಯವರನ್ನು ವಿಚಾರಿಸತೊಡಗಿದ. ಅದು ಅವಳ ಕಿವಿಗೂ ಬಿತ್ತು.

ಅದಕ್ಕೇ ಅವಳು ಮುಂದಿನದನ್ನು ಮುಚ್ಚಿಟ್ಟಳು. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದ್ದುದನ್ನು ಗಂಡನಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆ ಬಟ್ಟೆಯ ಗಂಟು ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಮುಖ ಒಗೆದ ಬಟ್ಟೆಯಷ್ಟು ಬೆಳ್ಳಗಿತ್ತು. ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲೇ ಮಲಗಿಸಿ ನಾನೂ ತೊಟ್ಟಿಯವನೂ ಆಸ್ಪತ್ರೆಗೆ ಓಡಿಸಿದೆವು.

ಹೊಟ್ಟೆಯೊಳಗೆ ರಕ್ತಸ್ರಾವ ಎಂದರು. ಹೊಸ ರಕ್ತ ಕೊಟ್ಟರು, ಮಾತ್ರೆಯ ಬಿಗಿ ಇಳಿಸುವ ಚುಚ್ಚುಮದ್ದು ಕೊಟ್ಟರು. ಜೀವ ಉಳಿಯಿತು. ಆದರೆ ಯಾಕೆ ಹೀಗಾಯಿತೆಂಬುದು ಯಾರಿಗೂ ತಿಳಿಯಲಿಲ್ಲ. ಆ ಮಾತ್ರೆ ಕೊಟ್ಟರೆ ಸೋರುತ್ತಾಳೆ, ನಿಲ್ಲಿಸಿದರೆ ಹೆಪ್ಪುಗಟ್ಟುತ್ತಾಳೆ. ಹೇಳಿದ ಮಾತು ಕೇಳದ ರೋಗಿಗೆ ಏನು ಮಾಡೋಣ ಎಂದು ಡಾಕ್ಟರು ಮಂಚದ ಪಕ್ಕದಲ್ಲೇ ಅಂದರು. ಅವಳ ಕಣ್ಣು ಉರಿಯುತ್ತಿತ್ತು.

ಎರಡು ದಿನದ ಮೇಲೆ ಆಸ್ಪತ್ರೆಯ ಔಷಧಿ ವಿಭಾಗದ ಒಬ್ಬ ಹೆಣ್ಣುಮಗಳು ವಾರ್ಡಿಗೆ ಬಂದಳು. ಯಾವ ರೋಗಿ ಏನೇನು ತಗೊಳ್ಳುತ್ತಾನೆ ಎಂದು ವಿಚಾರಿಸುವುದು ಅವಳ ಕೆಲಸ. ಅವಳೂ ಅದೇ ಪ್ರಶ್ನೆ ಕೇಳಿದಳು, ಅಕ್ಕ ಅದೇ ಉತ್ತರ ಕೊಟ್ಟಳು. ಆ ಹೆಣ್ಣುಮಗಳು ಏಳುವವಳಿದ್ದಳು. ಅಷ್ಟರಲ್ಲಿ ಅಕ್ಕ ಹೊದಿಕೆಯೊಳಗೆ ಕೈ ಹಾಕಿ ಸೊಂಟ ಕೆರೆದುಕೊಂಡಳು.

"ತುರಿಕೆಗೆ ಏನು ಹಚ್ತಿದ್ದೀರಮ್ಮ?"

"ಹಚ್ಚೋದೇನು, ನುಂಗ್ತೀನಿ."

"ಏನನ್ನ?"

"ಡಬ್ಬಿದು."

ಆ ಹೆಣ್ಣುಮಗಳು ಮತ್ತೆ ಕೂತಳು.

ಡಬ್ಬಿ ತರಲು ಗಂಡನನ್ನು ಓಡಿಸಿದರು. ಜೇಬಿನಜ್ಜಿ ಡಬ್ಬಿಯನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಮಡಿಲಲ್ಲಿಟ್ಟುಕೊಂಡು ಬಂದಳು. ದೊಡ್ಡಾಸ್ಪತ್ರೆಯವರು ತನ್ನ ಡಬ್ಬಿಯನ್ನು ಕೇಳಿ ಕಳಿಸಿದ್ದಾರೆ ಎಂಬ ಹೆಮ್ಮೆ ಅವಳಿಗೆ. ಮಂಚದ ಮೇಲೆ ಎಲ್ಲವನ್ನೂ ಸುರಿದು, ಇದು ಭುಜದ ಎಣ್ಣೆಯವರದು, ಇದು ಸೊಂಟದ ಪಟ್ಟಿಯವರದು ಎಂದು ಬಣ್ಣ ಬಣ್ಣವಾಗಿ ವಿಂಗಡಿಸಿ ತೋರಿಸಿದಳು. ಆ ಹೆಣ್ಣುಮಗಳು ಒಂದೊಂದನ್ನೇ ತಿರುಗಿಸಿ ನೋಡುತ್ತ ಹೋದಂತೆ ಅವಳ ಮುಖ ಬಿಗಿಯಿತು. ಅರ್ಧದಷ್ಟರ ಮೇಲೆ ಹೆಸರೇ ಇಲ್ಲ ಎಂದಳು. ಆಮೇಲೆ, ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು.

ರಕ್ತ ತೆಳುಮಾಡುವ ಮಾತ್ರೆ ಮೈಯೊಳಗೆ ತನ್ನ ಕೆಲಸ ಮಾಡಿದ ಮೇಲೆ ಅದನ್ನು ಕರಗಿಸಿ ಹೊರಗೆ ಕಳಿಸುವುದು ಲಿವರು. ಈ ತುರಿಕೆಯ ಮಾತ್ರೆ ಹೋಗಿ ಲಿವರಿನ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ನಿನ್ನೆಯದು ಖಾಲಿಯಾಗಿರುವುದಿಲ್ಲ, ಅದರ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು. ನುಂಗುವುದು ಒಂದೇ ಆದರೂ ಮೈಯೊಳಗೆ ಸೇರಿಕೊಳ್ಳುವುದು ಎರಡು ಮೂರರಷ್ಟು. ನೋವಿನ ಮಾತ್ರೆಯದು ಬೇರೆ ಉಪದ್ರವ. ಅದು ಹೊಟ್ಟೆಯ ಒಳಗೋಡೆಯನ್ನು ಕೆರೆದು ಹುಣ್ಣು ಮಾಡುತ್ತದೆ, ಗಾಯಕ್ಕೆ ರಕ್ತ ಅಂಟಿಕೊಳ್ಳುವುದನ್ನೂ ತಡೆಯುತ್ತದೆ. ಮೂರೂ ಮಾತ್ರೆ ಬೇರೆ ಬೇರೆಯಾಗಿ ಒಳ್ಳೆಯವೇ. ಇವರಿಗೆ ಮೂರೂ ಒಟ್ಟಿಗೆ ಸೇರಿದ್ದೇ ತೊಂದರೆ. ಡಬ್ಬಿ ತುಂಬಿದಾಗ ರಕ್ತ ತೆಳುವಾಯಿತು, ಖಾಲಿಯಾದಾಗ ಗಟ್ಟಿಯಾಯಿತು. ಅದು ತಿಳಿಯದೆ ಡಾಕ್ಟರು ಆ ಏರಿಳಿತದ ಬೆನ್ನು ಹತ್ತಿ ಪ್ರಮಾಣ ಇಳಿಸಿದರು, ಏರಿಸಿದರು.

ಅಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಣ್ಣಾ, ನಿನ್ನ ಬ್ಲೀಚಿಂಗು, ಆಸಿಡ್ಡು ಎರಡೂ ಒಂದೇ ಬಕೆಟ್ಟಿಗೆ ಸುರೀತೀಯಾ?"

"ಇಲ್ಲಮ್ಮ."

"ಯಾಕೆ?"

"ವಿಷದ ಹೊಗೆ ಏಳುತ್ತೆ."

"ಬಕೆಟ್ಟಿಗೆ ಇರೋ ಮರ್ಯಾದೆ ನನ್ನ ಹೊಟ್ಟೆಗಿಲ್ವಲ್ಲ."

ಜೇಬಿನಜ್ಜಿಯ ಮುಖ ಸಪ್ಪಗಾಯಿತು. ನಾನು ವಿಷ ಹಾಕಿದೆ ಅಂತೀಯಾ ಮಗಳೇ ಎಂದು ಅಳು ಶುರುಮಾಡಿದಳು. ಅಕ್ಕ ಅವಳನ್ನೂ ಬಿಡಲಿಲ್ಲ. ಅಳಬೇಡ ಅಜ್ಜಿ, ನೀನು ಅತ್ತರೆ ನಾನು ಬೈಯೋಕಾಗಲ್ಲ, ನಂಗೀಗ ಯಾರನ್ನಾದ್ರೂ ಬೈಯಲೇಬೇಕು ಎಂದಳು.

ಬೈಸಿಕೊಳ್ಳಲು ಡಾಕ್ಟರೇ ಬಂದರು. ವಿಷಯ ಅವರಿಗೆ ತಲುಪಿತ್ತು. ಅಕ್ಕ ದಿಂಬಿಗೆ ಒರಗಿ ಕೂತು, ಸೆರಗು ಸರಿಮಾಡಿಕೊಂಡಳು.

"ನಾನು ಮಾತ್ರೆ ಮರೆತಿರಲಿಲ್ಲ, ಡಾಕ್ಟ್ರೇ."

"ಮರೆತಿರಲಿಲ್ಲ."

"ಎರಡೆರಡು ನುಂಗಿರಲಿಲ್ಲ."

"ಇಲ್ಲ."

"ಸುಳ್ಳು ಹೇಳಿರಲಿಲ್ಲ."

ಡಾಕ್ಟರು ಕೈಯಲ್ಲಿದ್ದ ಚೀಟಿ ತಿರುವಿದರು. "ಬೇರೆ ಔಷಧಿ ಇದೆಯಾ ಅಂದಾಗ ಇಲ್ಲ ಅಂದಿರಲ್ಲ."

"ನೀವು ಬರೆದುಕೊಟ್ಟಿದ್ದು ಬಿಟ್ರೆ ನಂಗೆ ಯಾರೂ ಏನೂ ಬರೆದುಕೊಟ್ಟಿಲ್ಲ. ಬರೆದುಕೊಡದೇ ಇರೋದು ಔಷಧಿ ಹೇಗಾಗುತ್ತೆ? ಕೇಳೋದು ಬಿಡಿಸಿ ಕೇಳಬೇಕಿತ್ತು."

ಅವರಿಗೂ ಸಿಟ್ಟು ಬಂತು. ಹೊರಗೆ ಮೆಟ್ಟಿಲ ತನಕ ಸಾಲು ನಿಂತಿದೆ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಲಿ, ಬಾಯಿ ಬಿಟ್ಟು ಹೇಳದ್ದನ್ನು ಹೊಟ್ಟೆಯೊಳಗೆ ಇಣುಕಿ ನೋಡಲು ಆಗುತ್ತದೆಯೇ ಎಂದರು. ಅದೂ ಸುಳ್ಳಲ್ಲ. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಆದರೂ ಹೋಗುವ ಮೊದಲು ನಿಂತು, ಮರೀತೀರಿ ಅಂತ ಅನ್ನಬಾರದಾಗಿತ್ತು ಎಂದರು. ಅಕ್ಕ ಹೂಂ ಎಂದಳು, ಅಷ್ಟೇ. ಅವಳ ಸಿಟ್ಟಿಗೆ ಪೂರ್ತಿ ಕಳ್ಳ ಒಬ್ಬನೂ ಸಿಕ್ಕಲಿಲ್ಲ. ಅಜ್ಜಿಯನ್ನು ಹಿಡಿದರೆ ಪ್ರೀತಿ, ಡಾಕ್ಟರನ್ನು ಹಿಡಿದರೆ ಮೆಟ್ಟಿಲ ಸಾಲು. ಅಂಥ ಸಿಟ್ಟು ಬಹಳ ಕೆಟ್ಟದ್ದು, ಇಳಿಸಲು ಜಾಗವೇ ಸಿಕ್ಕುವುದಿಲ್ಲ.

ಡಬ್ಬಿಯನ್ನು ಆಸ್ಪತ್ರೆಯವರು ಇಟ್ಟುಕೊಂಡರು. ಇನ್ನು ಮುಂದೆ ಜೇಬಿನಲ್ಲಿ ಸಿಕ್ಕ ಮಾತ್ರೆಯನ್ನು ತಂದು ತಮ್ಮ ಕೌಂಟರಿನಲ್ಲಿ ಕೊಡಬೇಕು, ಯಾರೂ ಬಾಯಿಗೆ ಹಾಕಬಾರದು ಎಂದು ಅಜ್ಜಿಗೆ ತಾಕೀತು ಮಾಡಿದರು.

ಅಕ್ಕ ಕೆಲಸಕ್ಕೆ ಮರಳಿದಾಗ ಲಾಂಡ್ರಿಯಲ್ಲಿ ಯಾರೂ ಕುಣಿದಾಡಲಿಲ್ಲ. ತೊಟ್ಟಿಯವನಿಗೆ ಹಲ್ಲುನೋವು, ದವಡೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಅವನು ನೀರಿನಿಂದ ಕೈ ತೆಗೆಯದೆ, ನಿನಗೆ ರಕ್ತ ತೆಳುವಾಯ್ತು, ನಮ್ಮೆಲ್ಲರ ಡಬ್ಬಿ ಹೋಯ್ತು ಎಂದ.

"ನಿಂಗೆ ಆಸ್ಪತ್ರೆ ಚೀಟಿ ಇದೆ ಅಕ್ಕ, ನನ್ನ ಹಲ್ಲಿಗೆ ಯಾರಿದ್ದಾರೆ? ಅರ್ಧ ದಿನ ರಜಾ ಕೇಳಿದ್ರೆ ಧಣಿ ಪೂರ್ತಿ ರಜಾ ಕೊಟ್ಟು ಕಳಿಸ್ತಾರೆ."

ಅವಳು ನೇರ ಧಣಿಯ ಕೋಣೆಗೆ ಹೋದಳು. ಇವನು ಹಲ್ಲು ತೋರಿಸಿಕೊಂಡು ಬರೋ ತನಕ ನಾನು ಸ್ವಿಚ್ಚು ಹಾಕಲ್ಲ ಎಂದು ಅಲ್ಲೇ ಕೂತಳು. ಹೊಸ ಇಸ್ತ್ರಿಯವನಾಗಿ ಬರಲು ಯಾರೂ ಒಪ್ಪಿರಲಿಲ್ಲ. ಅವಳು ಮಾಡುವಷ್ಟು ಬಟ್ಟೆಯ ರಾಶಿ ನೋಡಿಯೇ ಬಂದವರು ಕಾಲಿಗೆ ಬುದ್ಧಿ ಹೇಳಿದ್ದರು. ಧಣಿ ಗೊಣಗಿಕೊಂಡು ತೊಟ್ಟಿಯವನನ್ನು ಕಳಿಸಿದ. ಅವನು ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ. ಮೂರು ದಿನ ಬೈಯಲೂ ಆಗದೆ ಕೆಲಸ ಮಾಡಿದ.

ಅಕ್ಕನ ತುರಿಕೆಗೆ ಆಸ್ಪತ್ರೆಯವರು ಹಚ್ಚುವ ಮುಲಾಮು ಕೊಟ್ಟಿದ್ದರು. ಉಳಿದದ್ದು ಅವಳ ಭುಜ. ನೋವಿನ ಆ ಮಾತ್ರೆ ಇನ್ನು ಜನ್ಮದಲ್ಲಿ ಮುಟ್ಟುವ ಹಾಗಿಲ್ಲ. ಅಪರೂಪಕ್ಕೆ ತಗೊಳ್ಳಲು ಒಂದು ಸೌಮ್ಯದ ಮಾತ್ರೆ ಹೇಳಿದ್ದರು, ಅದಕ್ಕೂ ಮಿತಿ. ಶಾಖ ಕೊಡಿ, ವಿಶ್ರಾಂತಿ ಕೊಡಿ ಎಂದಿದ್ದರು. ಕೆಲಸ ಶುರುಮಾಡಿದ ಎರಡೇ ದಿನಕ್ಕೆ ಭುಜ ಮೊದಲಿನಂತೆ ಉರಿಯತೊಡಗಿತು. ಅವಳು ಹಲ್ಲು ಕಚ್ಚಿ ಒತ್ತುತ್ತಿದ್ದಳು. ಹೀಗೇ ಆದರೆ ಅವಳು ಆ ಜಾಗದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು.

ಮೂರನೆಯ ದಿನ ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ಮೇಜನ್ನೇ ನೋಡಿದಳು. ಆಸ್ಪತ್ರೆಯಲ್ಲಿ ಮಲಗಿ ಬೇಜಾರಾದಾಗ ಮಂಚದ ಹೊದಿಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ಮಡಿಸುತ್ತಿದ್ದೆ, ಆಗ ಭುಜ ನೋಯಲೇ ಇಲ್ಲ ಎಂದಳು. ಮಂಚ ತಗ್ಗಿನಲ್ಲಿತ್ತು. ಈ ಮೇಜು ಅವಳ ಎದೆಯ ಕೆಳಗಿನ ತನಕ ಬರುತ್ತದೆ. ಅವಳಿಗಿಂತ ಮೊದಲು ಇಲ್ಲಿ ಇಸ್ತ್ರಿ ಮಾಡುತ್ತಿದ್ದವನು ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಿದ್ದ ಆಸಾಮಿ. ಮೇಜು ಅವನ ಎತ್ತರಕ್ಕೆ ಮಾಡಿಸಿದ್ದು. ಅವನು ಹೋದ ಮೇಲೆ ಅದರ ಮುಂದೆ ಈ ಗಿಡ್ಡ ಹೆಂಗಸು, ಭುಜವನ್ನು ಕಿವಿಯ ತನಕ ಎತ್ತಿಕೊಂಡು, ಅರ್ಧ ಆಯುಷ್ಯ ಒತ್ತಿದ್ದಾಳೆ. ಎದುರಿಗೇ ನಿಂತಿದ್ದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಮೇಜಿನ ಕಾಲು ಕೊಯ್ಯಿಸಿ ಎಂದು ಅವಳು ಧಣಿಗೆ ಹೇಳಿದಳು.

"ಅದು ನಮ್ಮಪ್ಪ ಮಾಡಿಸಿದ ಮೇಜು ಕಣಮ್ಮ."

"ನಿಮ್ಮಪ್ಪನ ಕಾಲಲ್ಲ ಧಣಿ, ಮೇಜಿನ ಕಾಲು."

ಧಣಿ ನಾಳೆ ಎಂದ, ಮುಂದಿನ ವಾರ ಎಂದ. ಅವಳು ಕೂಗಾಡಲಿಲ್ಲ. ನನಗೆ ನೋವಿನ ಮಾತ್ರೆ ಬಂದ್ ಆಗಿದೆ, ಇನ್ನು ನೋವನ್ನ ನಾನೊಬ್ಬಳೇ ನುಂಗಲ್ಲ, ಬರೋ ಗಿರಾಕಿಗೆಲ್ಲ ಬಾಗಿಲಲ್ಲೇ ಹಂಚ್ತೀನಿ ಎಂದಳು. ಅವಳ ಬಾಯಿ ಬಲ್ಲ ಧಣಿ ಅದೇ ಮಧ್ಯಾಹ್ನ ಬಡಗಿಯನ್ನು ಕರೆಸಿದ.

ಬಡಗಿ ಅಳತೆಗೋಲು ತೆಗೆದ. ಅವಳು ಅದನ್ನು ಒಪ್ಪದೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ತೋಳು ಇಳಿಬಿಟ್ಟು ನಿಂತು, ಇಲ್ಲಿಗೆ ಗುರುತು ಹಾಕು ಎಂದಳು. ನಾನೂ ತೊಟ್ಟಿಯವನೂ ಮೇಜನ್ನು ಮಗುಚಿ ಹಿಡಿದೆವು. ಗರಗಸ ಆಡಿತು. ಕೊಯ್ದು ಬಿದ್ದ ತುಂಡುಗಳು ಒಂದು ಗೇಣಿನಷ್ಟಿದ್ದವು. ಅವಳು ಒಂದು ತುಂಡನ್ನು ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದಳು. ಮುಖ ಕೆಂಪಗಿತ್ತು, ಕಣ್ಣು ತುಂಬಿತ್ತು. ಅಳ್ತಿದ್ದಾಳೆ ಅಂತ ಯಾರಾದರೂ ಅಂದಿದ್ದರೆ ಆ ತುಂಡು ಅವರ ತಲೆಗೆ ಬೀಳುತ್ತಿತ್ತು.

"ಇಷ್ಟೇ ಇಷ್ಟು ಮರ," ಎಂದಳು. "ಮೇಜಿಗೆ ಮಾಡಬೇಕಾಗಿದ್ದ ಔಷಧಿನ ನಾನು ನುಂಗಿದೆ."

ಮೇಜನ್ನು ನಿಲ್ಲಿಸಿದೆವು, ಒಂದು ಮೂಲೆ ಅಲುಗಿತು. ಅವಳು ಬಡಗಿಯ ಏಳು ತಲೆಮಾರನ್ನು ಜಾಲಾಡಿ, ಆ ಕಾಲನ್ನು ಮತ್ತೆ ಉಜ್ಜಿಸಿದಳು. ಆಮೇಲೆ, ಮರದ ಪುಡಿ ಒಂದು ಚೂರೂ ಬಿಳಿ ಬಟ್ಟೆಯ ಹತ್ತಿರ ಹಾರಬಾರದು, ಒದ್ದೆ ಗೋಣಿ ತಂದು ನೆಲ ಒರೆಸಿಬಿಟ್ಟು ಹೋಗು ಎಂದು ಅವನಿಗೆ ಹೇಳಿ, ಸ್ವಿಚ್ಚು ಹಾಕಿದಳು.